ಕೋಟೆಯ ವಯಸ್ಸು ಕೇಳಿ ಒಳಗೆ ಹೋಗಿ

ಬೇಸಿಗೆ ರಜೆ ಹತ್ತಿರವಾಗುತ್ತಿದ್ದಂತೆ ಊರಿನಿಂದ ಸಂದೇಶಗಳು ಶುರುವಾಗುತ್ತವೆ: ‘ಜರ್ಮನಿಗೆ ಬರುತ್ತಿದ್ದೇವೆ, ಏನೇನು ನೋಡಬೇಕು, ಒಂದು ಪಟ್ಟಿ ಮಾಡಿ ಕಳಿಸು.’ ಪಟ್ಟಿ ಮಾಡುವುದೇನೂ ಕಷ್ಟವಲ್ಲ. ಬರ್ಲಿನ್, ಮ್ಯೂನಿಕ್, ಬ್ಲ್ಯಾಕ್ ಫಾರೆಸ್ಟ್, ಕ್ಯಾಲೆಂಡರಿನಲ್ಲಿ ಕಾಣುವ ಆ ಬಿಳಿ ಅರಮನೆ ಎಂದು ಬರೆದುಬಿಟ್ಟರೆ ಕೇಳಿದವರಿಗೂ ಸಮಾಧಾನ. ಆದರೆ ಸ್ಟಟ್‌ಗಾರ್ಟ್‌ನಲ್ಲಿ ಕುಳಿತು ಕಟ್ಟಡಗಳ ತೊಲೆ, ಕಂಬಗಳ ಲೆಕ್ಕ ಹಾಕುವುದು ನನ್ನ ಹೊಟ್ಟೆಪಾಡು. ಯಾವ ಗೋಡೆ ಕಂಡರೂ ನನಗೆ ಮೊದಲು ಬರುವ ಯೋಚನೆ, ಇದನ್ನು ಕಟ್ಟಿದ್ದು ಯಾವಾಗ ಎಂಬುದು. ಜರ್ಮನಿಯಲ್ಲಿ ಈ ಪ್ರಶ್ನೆಯನ್ನು ಕೇಳದೆ ತಿರುಗಬಾರದು ಎಂಬುದು ನನ್ನ ವಾದ. ಸಾವಿರ ವರ್ಷದ್ದು ಎಂದು ನೀವು ಬೆರಗಾಗಿ ನಿಂತದ್ದು ನಿಮ್ಮ ಮುತ್ತಜ್ಜನ ಕಾಲದ್ದಾಗಿರಬಹುದು. ಮಧ್ಯಯುಗದ್ದೆಂದು ಫೋಟೊ ತೆಗೆದ ಬೀದಿ ಎರಡನೇ ಮಹಾಯುದ್ಧದ ನಂತರ ಎದ್ದು ನಿಂತದ್ದಾಗಿರಬಹುದು. ಹೊಸದಾದರೆ ನೋಡಬೇಡಿ ಎನ್ನುತ್ತಿಲ್ಲ. ವಯಸ್ಸು ತಿಳಿದುಕೊಂಡು ನೋಡಿ ಎನ್ನುತ್ತಿದ್ದೇನೆ.

ಬಿಳಿ ಅರಮನೆಯಿಂದಲೇ ಶುರು ಮಾಡೋಣ, ಹೇಗೂ ನೀವು ಅದನ್ನು ಬಿಡುವವರಲ್ಲ. ನೊಯ್‌ಶ್ವಾನ್‌ಸ್ಟೈನ್ ಇರುವುದು ಬವೇರಿಯಾದ ದಕ್ಷಿಣ ತುದಿಯಲ್ಲಿ, ಫ್ಯೂಸೆನ್ ಪಟ್ಟಣದ ಪಕ್ಕದ ಹೊಹೆನ್‌ಶ್ವಾಂಗೌ ಎಂಬ ಹಳ್ಳಿಯ ಮೇಲಿನ ಬಂಡೆಯ ಮೇಲೆ. ದೊಡ್ಡಪ್ಪ, ದೊಡ್ಡಮ್ಮ ಧಾರವಾಡದಿಂದ ಬಂದಾಗ ಅವರನ್ನೂ ಅಲ್ಲಿಗೆ ಕರೆದೊಯ್ದಿದ್ದೆ. ದೊಡ್ಡಪ್ಪ ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಕೆಳಗಿನ ಹಳ್ಳಿಯಿಂದ ಅರಮನೆಗೆ ಮುಕ್ಕಾಲು ಗಂಟೆಯ ಏರು. ಅರ್ಧ ದಾರಿಯಲ್ಲಿ ನಿಂತು ಕತ್ತೆತ್ತಿ ನೋಡಿ ಅವರು ಕೇಳಿದರು: ‘ಯಾವ ಶತಮಾನದ್ದು?’

‘1869ರಲ್ಲಿ ಅಡಿಗಲ್ಲು ಹಾಕಿದ್ದು, ದೊಡ್ಡಪ್ಪ.’

‘ಹಾಗಾದರೆ ನಮ್ಮ ಮೈಸೂರು ಅರಮನೆಗೆ ಅಣ್ಣ, ಅಷ್ಟೇ. ಇದಕ್ಕೆ ಇಷ್ಟು ಏದುಸಿರು ಬಿಡಬೇಕಾಗಿತ್ತೇ?’

ಬೇಕಾಗಿತ್ತು ಎಂದೇ ನನ್ನ ಉತ್ತರ. ಎರಡನೇ ಲುಡ್‌ವಿಗ್ ಎಂಬ ಬವೇರಿಯಾದ ರಾಜ ಇದರ ಚಿತ್ರ ಬರೆಸಿದ್ದು ನಾಟಕದ ರಂಗಸಜ್ಜಿಕೆ ಮಾಡುತ್ತಿದ್ದ ಕ್ರಿಶ್ಚಿಯನ್ ಯಾಂಕ್ ಎಂಬ ಕಲಾವಿದನಿಂದ. ಹೊರಗೆ ಹಳೆಯ ಕಾಲದ ವೀರರ ಕೋಟೆ; ಒಳಗೆ ಇಟ್ಟಿಗೆಯ ಗೋಡೆ, ಅದರ ಮೇಲೆ ತಿಳಿಬಣ್ಣದ ಸುಣ್ಣಕಲ್ಲಿನ ಹೊದಿಕೆ. ಸಿಂಹಾಸನದ ಸಭಾಂಗಣವನ್ನು ಹೊತ್ತಿರುವುದು ಕಣ್ಣಿಗೆ ಕಾಣದಂತೆ ಮುಚ್ಚಿಟ್ಟ ಉಕ್ಕಿನ ಚೌಕಟ್ಟು. ಕಲ್ಲೆತ್ತಲು ಉಗಿಯಿಂದ ನಡೆಯುವ ಕ್ರೇನ್, ಕೋಣೆಗಳನ್ನು ಬೆಚ್ಚಗಿಡಲು ಬಿಸಿಗಾಳಿಯ ವ್ಯವಸ್ಥೆ, ಪ್ರತಿ ಮಹಡಿಗೂ ನಲ್ಲಿ ನೀರು, ತಾನೇ ನೀರು ಬಿಟ್ಟುಕೊಳ್ಳುವ ಶೌಚಾಲಯ, ಆಳುಗಳನ್ನು ಕರೆಯಲು ವಿದ್ಯುತ್ ಗಂಟೆ, ಮೇಲಿನ ಮಹಡಿಗಳಲ್ಲಿ ಟೆಲಿಫೋನ್ ಕೂಡ. ಮಾರ್ಗದರ್ಶಿ ಭಿತ್ತಿಚಿತ್ರಗಳ ಕಥೆ ಹೇಳುತ್ತಿದ್ದರೆ ದೊಡ್ಡಪ್ಪನ ಕಣ್ಣು ಬಿಸಿಗಾಳಿ ಬರುವ ಕಿಂಡಿ ಎಲ್ಲಿದೆಯೆಂದು ಗೋಡೆಯ ಬುಡವನ್ನೇ ಹುಡುಕುತ್ತಿತ್ತು. ಮೈಸೂರು ಅರಮನೆಯ ಕಲ್ಯಾಣ ಮಂಟಪದ ಎರಕದ ಕಬ್ಬಿಣದ ಕಂಬಗಳು ಗ್ಲಾಸ್ಗೋದಿಂದ ಬಂದವು; ಅವುಗಳನ್ನು ಎದುರಿಗೇ ನಿಲ್ಲಿಸಿ ನವಿಲಿನ ಬಣ್ಣ ಹಚ್ಚಿದರು. ಇಲ್ಲಿ ಲೋಹ ಕಂಡರೆ ಕನಸು ಕೆಡುತ್ತದೆಂದು ಮುಚ್ಚಿದರು. ಎರಡರಲ್ಲಿ ಮೈಸೂರಿನದೇ ಹೆಚ್ಚು ಪ್ರಾಮಾಣಿಕ ಎಂದು ದೊಡ್ಡಪ್ಪ ಅಲ್ಲೇ ತೀರ್ಪು ಕೊಟ್ಟರು.

ಲುಡ್‌ವಿಗ್‌ನ ಕಥೆ ಸುಖಾಂತವಲ್ಲ. ಸಾಲ ಮಿತಿಮೀರಿತು, 1886ರಲ್ಲಿ ಆಳಲು ಅಸಮರ್ಥ ಎಂದು ಘೋಷಿಸಿದರು, ಕೆಲವೇ ದಿನಗಳಲ್ಲಿ ಸ್ಟಾರ್ನ್‌ಬರ್ಗ್ ಸರೋವರದಲ್ಲಿ ಅವನ ಹೆಣ ಸಿಕ್ಕಿತು. ಯಾರೂ ಒಳಗೆ ಕಾಲಿಡಬಾರದೆಂದು ಅವನು ಕಟ್ಟಿಸಿದ ಅರಮನೆಯನ್ನು ಅವನು ಸತ್ತ ಏಳು ವಾರಕ್ಕೇ ಟಿಕೆಟ್ ಇಟ್ಟು ಜನರಿಗೆ ತೆರೆದರು. ಸಿಂಹಾಸನದ ಸಭಾಂಗಣದಲ್ಲಿ ಸಿಂಹಾಸನ ಇವತ್ತಿಗೂ ಇಲ್ಲ. 2025ರ ಜುಲೈಯಲ್ಲಿ ಇವನ ಅರಮನೆಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಟಿಕೆಟ್ಟಿಗೆ ಮುಂಚಿತವಾಗಿ ಕಾದಿರಿಸದೆ ಹೋಗುವುದು ಇನ್ನೂ ವ್ಯರ್ಥ. ಟಿಕೆಟ್ ಸಿಗದಿದ್ದರೂ ಅರಮನೆಯ ಹಿಂದಿನ ಕಮರಿಯ ಮೇಲಿರುವ ಮರಿಯನ್‌ಬ್ರ್ಯೂಕೆ ಸೇತುವೆಗೆ ಹೋಗಿ. ಕ್ಯಾಲೆಂಡರಿನ ಚಿತ್ರಗಳಲ್ಲಿ ಬಹಳಷ್ಟು ಅಲ್ಲಿಂದ ತೆಗೆದವೇ.

ನಮ್ಮ ಸ್ಟಟ್‌ಗಾರ್ಟ್ ಕಡೆಯಲ್ಲೂ ಇಂಥ ಹೊಸ ಹಳೆಯವು ಉಂಟು. ಹೆಶಿಂಗೆನ್ ಊರಿನ ಬಳಿ ಒಂಟಿ ಗುಡ್ಡದ ನೆತ್ತಿಯಲ್ಲಿರುವ ಹೊಹೆನ್‌ಝೊಲರ್ನ್ ಕೋಟೆ ಮಂಜಿನ ದಿನ ಆಕಾಶದಲ್ಲಿ ತೇಲುತ್ತಿರುವಂತೆ ಕಾಣುತ್ತದೆ. ಈ ಜಾಗದಲ್ಲಿ ಕಟ್ಟಿದ ಮೂರನೆಯ ಕೋಟೆ ಅದು, 1850ರಿಂದ 1867ರ ನಡುವಿನದು. ಮೊದಲನೆಯದನ್ನು 1423ರಲ್ಲೇ ಕೆಡವಿದ್ದರು. ಲಿಖ್ಟೆನ್‌ಸ್ಟೈನ್ ಕೋಟೆಯ ಹುಟ್ಟು ಇನ್ನೂ ಮಜವಾಗಿದೆ. ವಿಲ್ಹೆಲ್ಮ್ ಹೌಫ್ ಎಂಬ ಲೇಖಕ 1826ರಲ್ಲಿ ಅದೇ ಹೆಸರಿನ ಕಾದಂಬರಿ ಬರೆದ. ಅದನ್ನು ಓದಿ ಮನಸೋತ ಒಬ್ಬ ಶ್ರೀಮಂತ 1840ರ ಹೊತ್ತಿಗೆ ಬಂಡೆಯ ತುದಿಯಲ್ಲಿ ಕೋಟೆಯನ್ನೇ ಕಟ್ಟಿಸಿದ. ಕೋಟೆ ನೋಡಿ ಕಾದಂಬರಿ ಬರೆದವರು ಎಲ್ಲ ಕಡೆಯೂ ಇದ್ದಾರೆ. ಇಲ್ಲಿ ಕಾದಂಬರಿಯೇ ಮೊದಲು.

ಹೈಡೆಲ್‌ಬರ್ಗ್‌ನ ವಿಷಯ ಇದಕ್ಕೆ ತದ್ವಿರುದ್ಧ. ನೆಕರ್ ನದಿಯ ದಡದ ಈ ಊರಿನಲ್ಲಿ ಕೆಂಪು ಮರಳುಗಲ್ಲಿನ ಅರಮನೆ ಮುರಿದ ಸ್ಥಿತಿಯಲ್ಲೇ ನಿಂತಿದೆ. ಫ್ರೆಂಚ್ ಸೈನ್ಯ 1689ರಲ್ಲೊಮ್ಮೆ, 1693ರಲ್ಲಿ ಮತ್ತೊಮ್ಮೆ ಸಿಡಿಸಿತು. ಸಾಲದ್ದಕ್ಕೆ 1764ರಲ್ಲಿ ಸಿಡಿಲು ಬಡಿಯಿತು. 19ನೇ ಶತಮಾನದ ಕೊನೆಯಲ್ಲಿ, ದೇಶದ ತುಂಬ ಕೋಟೆಗಳನ್ನು ಹೊಸದಾಗಿ ಕಟ್ಟುವ ಹುಚ್ಚು ಏರಿದ್ದಾಗ, ಇದನ್ನೂ ಕಟ್ಟಿಬಿಡೋಣ ಎಂದು ಹೊರಟರು. ಒಂದು ಭಾಗವನ್ನು ಕಟ್ಟಿಯೂ ಆಗಿತ್ತು. ಆಗ ಗೇಯೊರ್ಗ್ ಡೆಹಿಯೊ ಎಂಬ ಕಲಾ ಇತಿಹಾಸಕಾರ ಎದ್ದು ನಿಂತ: ಉಳಿದದ್ದನ್ನು ಕಾಪಾಡಿ, ಇಲ್ಲದ್ದನ್ನು ಊಹಿಸಿ ಕಟ್ಟಬೇಡಿ. ವಾದ ದೊಡ್ಡ ಜಗಳವಾಗಿ ಕೊನೆಗೆ ಅವನ ಮಾತೇ ನಿಂತಿತು. ಹಾಗಾಗಿ ಇಂದಿಗೂ ಅಂಗಳದಲ್ಲಿ ನಿಂತರೆ ಒಂದು ಕಡೆ ಅಂದು ದುರಸ್ತಿ ಮಾಡಿದ ಅಚ್ಚುಕಟ್ಟಾದ ಕಟ್ಟಡ, ಪಕ್ಕದಲ್ಲೇ ಛಾವಣಿಯಿಲ್ಲದ ಗೋಡೆ, ಅದರ ಕಿಟಕಿಗಳಲ್ಲಿ ಬರಿಯ ಆಕಾಶ. ಎರಡೂ ಪಕ್ಷದ ವಾದ ಎದುರುಬದುರಾಗಿ ಕಲ್ಲಿನಲ್ಲೇ ನಿಂತಿರುವ ಇಂಥ ಜಾಗ ನನಗೆ ಗೊತ್ತಿರುವಂತೆ ಇನ್ನೊಂದಿಲ್ಲ.

ಅಲ್ಲಿ ನಾನು ಎಲ್ಲರನ್ನೂ ಕರೆದೊಯ್ದು ನಿಲ್ಲಿಸುವುದು ಸಿಡಿದ ಗೋಪುರದ ಎದುರು. ಆರೂವರೆ ಮೀಟರ್ ದಪ್ಪದ ಗೋಡೆ. ಮದ್ದು ಸಿಡಿದಾಗ ಅದು ಚೂರುಚೂರಾಗಲಿಲ್ಲ. ಗೋಪುರದ ಒಂದು ಪಾಲು ಹಾಗೇ ಇಡಿಯಾಗಿ ಕಳಚಿ ಕಂದಕಕ್ಕೆ ಜಾರಿ ಒರಗಿತು. ಇಂದಿಗೂ ಹಾಗೆಯೇ ಒರಗಿದೆ. ಸೀಳಿದ ಕಡೆಯಿಂದ ನೋಡಿದರೆ ಗೋಪುರದ ಒಳಗಿನ ಕಮಾನುಗಳು, ಗಾರೆ, ಒಂದರ ಮೇಲೊಂದು ಕುಳಿತ ಕಲ್ಲಿನ ವರಸೆ ಎಲ್ಲ ಕಾಣುತ್ತದೆ. ಕಟ್ಟಡದ ಕೆಲಸ ಕಲಿಯುವ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಡ. ಎಲ್ಲರೂ ಹೋಗಿ ನೋಡುವ ದೈತ್ಯ ವೈನ್ ಪೀಪಾಯಿ ನೆಲಮಾಳಿಗೆಯಲ್ಲಿದೆ, 1751ರದ್ದು, ಸುಮಾರು 2,20,000 ಲೀಟರ್ ಹಿಡಿಸುತ್ತದೆ. ನೋಡಿ, ಮೇಲೆ ಹತ್ತಿ ಇಳಿಯಿರಿ, ಆದರೆ ಅಲ್ಲೇ ಹೊತ್ತು ಕಳೆಯಬೇಡಿ. ಸಂಜೆ ಹಳೆಯ ಸೇತುವೆ ದಾಟಿ ಆಚೆ ದಡದ ‘ತತ್ತ್ವಜ್ಞಾನಿಗಳ ದಾರಿ’ ಹತ್ತಿದರೆ ಊರು, ಸೇತುವೆ, ಅರಮನೆ ಮೂರೂ ಒಂದೇ ನೋಟಕ್ಕೆ ಸಿಗುತ್ತವೆ. ಹತ್ತುವಾಗ ಮೊಣಕಾಲು ಬೈದುಕೊಳ್ಳುತ್ತದೆ.

ಒಂದೇ ಕೋಟೆಗೆ ಸಮಯ ಇದೆ ಎನ್ನುವವರಿಗೆ ನಾನು ಹೇಳುವುದು ಎಲ್ಟ್ಸ್. ಮೊಸೆಲ್ ನದಿಯ ಕಣಿವೆಯಿಂದ ಸ್ವಲ್ಪ ಒಳಗೆ, ಕಾಡಿನ ನಡುವೆ, ಮೂರು ಕಡೆ ಹೊಳೆ ಸುತ್ತಿದ ಬಂಡೆಯ ಮೇಲಿದೆ. 12ನೇ ಶತಮಾನದಿಂದ ಇಂದಿನವರೆಗೂ ಒಂದೇ ಮನೆತನದ ಕೈಯಲ್ಲಿದೆ. ಮನೆತನ ಮೂರು ಕವಲಾದಾಗ ಜಾಗ ಇದ್ದದ್ದು ಒಂದೇ ಬಂಡೆ. ಪಾಲು ಮಾಡಿಕೊಂಡು ಬೇರೆ ಹೋಗದೆ ಒಂದೇ ಅಂಗಳದ ಸುತ್ತ ಮೂರು ಮನೆ ಎಬ್ಬಿಸಿದರು, ಬಂಡೆಯಲ್ಲಿ ಅಗಲಕ್ಕೆ ಜಾಗವಿಲ್ಲದೆ ಮನೆಗಳು ಮೇಲಕ್ಕೆ ಬೆಳೆದವು. ಆ ಎತ್ತರದ ಗೋಪುರಗಳ ಗೊಂಚಲು ಯಾವ ರಂಗಸಜ್ಜಿಕೆಯವನ ಕಲ್ಪನೆಯೂ ಅಲ್ಲ, ದಾಯಾದಿಗಳ ಹೊಂದಾಣಿಕೆ. ‘ನಮ್ಮ ಕಡೆ ಆಗಿದ್ದರೆ ಮಧ್ಯೆ ಒಂದು ಗೋಡೆ, ಮೂವತ್ತು ವರ್ಷ ಕೋರ್ಟು’ ಎಂದರು ದೊಡ್ಡಮ್ಮ.

ಹೈಡೆಲ್‌ಬರ್ಗನ್ನು ಸುಟ್ಟ ಅದೇ ಯುದ್ಧದಲ್ಲಿ ಈ ಸೀಮೆಯ ಕೋಟೆಗಳೂ ಸಾಲಾಗಿ ಬಿದ್ದವು. ಎಲ್ಟ್ಸ್ ಉಳಿದದ್ದಕ್ಕೆ ಕಾರಣ ಶೌರ್ಯವಲ್ಲ. ಈ ಮನೆತನದವನೊಬ್ಬ ಫ್ರೆಂಚ್ ಸೈನ್ಯದಲ್ಲಿ ದೊಡ್ಡ ಅಧಿಕಾರಿಯಾಗಿದ್ದ. ನಂತರ 1920ರಲ್ಲಿ ಒಂದು ಭಾಗಕ್ಕೆ ಬೆಂಕಿ ಬಿದ್ದು ಅದನ್ನು ಮತ್ತೆ ಕಟ್ಟಬೇಕಾಯಿತು, ಆದ್ದರಿಂದ ಪೂರ್ತಿ ಹಳೆಯದು ಎನ್ನುವ ಹಾಗಿಲ್ಲ. ಒಳಗೆ ನನಗೆ ಅತಿ ಇಷ್ಟವಾದದ್ದು ಮೇಲಿನ ಮಲಗುವ ಕೋಣೆ. ಗೋಡೆಯ ತುಂಬ ಹೂಬಳ್ಳಿಯ ಚಿತ್ರ. ಕೋಣೆಗೆ ಅಂಟಿಕೊಂಡು ಪುಟ್ಟ ಪ್ರಾರ್ಥನಾ ಮಂದಿರ ಇದೆ, ಆದರೆ ಅದು ಗೋಡೆಯಿಂದ ಹೊರಕ್ಕೆ ಚಾಚಿದ ಮಾಡದಲ್ಲಿದೆ. ದೇವರ ಪೀಠದ ಮೇಲ್ಗಡೆ ಮನುಷ್ಯರು ವಾಸ ಮಾಡಬಾರದು ಎಂಬ ನಿಯಮವಿತ್ತಂತೆ. ಮಹಡಿಯ ಮೇಲೆ ಮಹಡಿ ಇರುವ ಕೋಟೆಯಲ್ಲಿ ಬೇರೆ ದಾರಿ ಕಾಣದೆ ದೇವರ ಕೋಣೆಯನ್ನೇ ಹೊರಗೆ ತೂಗಿಬಿಟ್ಟರು. ಮಾರ್ಗದರ್ಶಿಯ ಮಾತನ್ನು ನಾನು ಕನ್ನಡಕ್ಕೆ ತಿರುಗಿಸಿ ಹೇಳಿದಾಗ ದೊಡ್ಡಮ್ಮ ತಲೆದೂಗಿದರು. ಧಾರವಾಡದ ಮನೆಯಲ್ಲಿ ಮಹಡಿ ಎಬ್ಬಿಸುವಾಗ ದೇವರ ಮನೆಯ ಮೇಲೆ ಏನು ಬರಬೇಕು ಎಂಬುದಕ್ಕೇ ಎರಡು ತಿಂಗಳು ಚರ್ಚೆಯಾಗಿತ್ತು.

ಕಾರಿನಲ್ಲಿ ಬಂದರೆ ಮೇಲಿನಿಂದ ಇಳಿಯುವಾಗ ಕೋಟೆ ಒಮ್ಮೆಲೇ ಕಣ್ಣಿಗೆ ಬೀಳುತ್ತದೆ. ಕಾಲು ಗಟ್ಟಿ ಇದ್ದವರು ಮೊಸೆಲ್‌ಕರ್ನ್ ರೈಲು ನಿಲ್ದಾಣದಲ್ಲಿ ಇಳಿದು ಹೊಳೆಯ ಗುಂಟ ಕಾಡಿನ ದಾರಿ ಹಿಡಿಯಬೇಕು. ಒಂದೂವರೆ ಗಂಟೆಯ ನಡಿಗೆ, ಕೊನೆಯಲ್ಲಿ ಮಾತ್ರ ಏರು.

ರೈನ್ ನದಿಯ ಬಗ್ಗೆ ಬರೆಯಲು ಹೊರಟರೆ ಇಲ್ಲೇ ಮುಗಿಯುವುದಿಲ್ಲ. ಬಿಂಗೆನ್‌ನಿಂದ ಕೊಬ್ಲೆನ್ಸ್‌ವರೆಗೆ ಎಡದಂಡೆಯ ರೈಲಿನಲ್ಲಿ ಬಲಗಡೆಯ ಕಿಟಕಿ ಹಿಡಿದು ಕೂರಿ. ಕೋಟೆಗಳು ತಿರುವಿಗೊಂದರಂತೆ ಬರುತ್ತವೆ. ಇವುಗಳಲ್ಲಿ ಎಷ್ಟೋ ಹಡಗುಗಳಿಂದ ಸುಂಕ ವಸೂಲಿ ಮಾಡಲು ಹುಟ್ಟಿದವು. ಕೌಬ್ ಎಂಬಲ್ಲಿ ನದಿಯ ನಡುವಿನ ದ್ವೀಪದ ಮೇಲೇ ಸುಂಕದ ಕೋಟೆಯಿದೆ. ಬಹುಪಾಲು ಹಾಳಾಗಿ, ಕೆಲವನ್ನು 19ನೇ ಶತಮಾನದಲ್ಲಿ ರಾಜಮನೆತನದವರು ಹೊಸದಾಗಿ ಎಬ್ಬಿಸಿದರು. ಒಮ್ಮೆಯೂ ಬೀಳದ ಬೆಟ್ಟದ ಕೋಟೆ ಬೇಕೆಂದರೆ ಬ್ರೌಬಾಖ್ ಊರಿನ ಮಾರ್ಕ್ಸ್‌ಬರ್ಗ್‌ಗೆ ಹೋಗಿ, ಅದಕ್ಕಾಗಿ ನದಿ ದಾಟಿ ಬಲದಂಡೆಗೆ ಬರಬೇಕು.

ನಗರಗಳಿಗೂ ಇದೇ ಪ್ರಶ್ನೆ ಕೇಳಬಹುದು. ಕಲೋನ್‌ನ ಮಹಾಚರ್ಚ್ 1248ರಲ್ಲಿ ಶುರುವಾಗಿ 16ನೇ ಶತಮಾನದಲ್ಲಿ ನಿಂತುಹೋಯಿತು. ಮೊಂಡು ಗೋಪುರದ ಮೇಲೆ ಕಲ್ಲೆತ್ತುವ ಮರದ ಕ್ರೇನ್ ಶತಮಾನಗಳ ಕಾಲ ಹಾಗೇ ನಿಂತು ಊರಿನ ಗುರುತೇ ಆಗಿಬಿಟ್ಟಿತು. ಮತ್ತೆ 1842ರಲ್ಲಿ ಕೆಲಸ ಹಿಡಿದು, ಹಳೆಯ ನಕ್ಷೆಯ ಪ್ರಕಾರವೇ 1880ರಲ್ಲಿ ಮುಗಿಸಿದರು. 157 ಮೀಟರ್ ಎತ್ತರ. ಅಂದರೆ ನೀವು ಫೋಟೊ ತೆಗೆಯುವ ಎರಡು ಶಿಖರಗಳಿಗೆ ಇನ್ನೂ 150 ವರ್ಷ ತುಂಬಿಲ್ಲ. ರೋಥೆನ್‌ಬರ್ಗ್ ಎಂಬ ಬೊಂಬೆಯಂಥ ಪುಟ್ಟ ಊರಿಗೆ 1945ರ ಮಾರ್ಚ್ 31ರಂದು ಬಾಂಬ್ ಬಿದ್ದು ಸುಮಾರು ಶೇ 40ರಷ್ಟು ನಾಶವಾಯಿತು. ಕೋಟೆಗೋಡೆಯ ಮೇಲೆ ನಡೆಯುವಾಗ ಒಳಬದಿಯಲ್ಲಿ ದಾನಿಗಳ ಹೆಸರು ಕೆತ್ತಿದ ಕಲ್ಲುಗಳನ್ನು ಗಮನಿಸಿ, ಮರುನಿರ್ಮಾಣಕ್ಕೆ ದೇಶವಿದೇಶದವರು ಕೊಟ್ಟ ಹಣದ ಲೆಕ್ಕ ಅಲ್ಲಿದೆ. ನಮ್ಮ ಗುಡಿಗಳ ಮೆಟ್ಟಿಲಿನ ಮೇಲಿನ ಹೆಸರುಗಳು ನೆನಪಾಗದೆ ಇರುವುದಿಲ್ಲ. ಅಲ್ಲಿ ಮಾರುವ ‘ಹಿಮದುಂಡೆ’ ಎಂಬ ಕರಿದ ತಿಂಡಿ ಮಾತ್ರ ನೋಡಲಿಕ್ಕೆ ಚೆನ್ನ, ತಿನ್ನಲು ಒಣಕಲು.

ಪೂರ್ವಕ್ಕೆ ಹೋಗುವವರಿಗೆ ಬರ್ಲಿನ್‌ಗಿಂತ ಹೆಚ್ಚಾಗಿ ಡ್ರೆಸ್ಡೆನ್ ಶಿಫಾರಸು ಮಾಡುತ್ತೇನೆ. 1945ರ ಫೆಬ್ರುವರಿಯ ಬಾಂಬ್ ದಾಳಿಯಲ್ಲಿ ಬೆಂದು ಕುಸಿದ ಫ್ರೌವೆನ್‌ಕಿರ್ಖೆ ಚರ್ಚ್ ಕಲ್ಲಿನ ರಾಶಿಯಾಗಿ ಸುಮಾರು ಐದು ದಶಕ ಬಿದ್ದಿತ್ತು. 1994ರಿಂದ 2005ರವರೆಗೆ ಮರುನಿರ್ಮಾಣ ಮಾಡುವಾಗ ರಾಶಿಯಿಂದ ಹೆಕ್ಕಿದ ಸಾವಿರಾರು ಹಳೆಯ ಕಲ್ಲುಗಳನ್ನು ಮತ್ತೆ ಕೂರಿಸಿದರು. ಹೊಸ ಮರಳುಗಲ್ಲು ತಿಳಿ ಬಣ್ಣ, ಹಳೆಯದು ಕಪ್ಪು. ಯಾವುದು ಹಳತು, ಯಾವುದು ಹೊಸತು ಎಂದು ಗೋಡೆಯೇ ಹೇಳುತ್ತದೆ. ಗುಮ್ಮಟದ ಶಿಲುಬೆಯನ್ನು ಮಾಡಿದ ಅಕ್ಕಸಾಲಿ ಬ್ರಿಟನ್ನಿನವನು, ಆ ದಾಳಿಯಲ್ಲಿ ಭಾಗವಹಿಸಿದ್ದ ಪೈಲಟ್‌ನ ಮಗ.

ಡ್ರೆಸ್ಡೆನ್‌ನಿಂದ ಲೋಕಲ್ ರೈಲಿನಲ್ಲಿ ರಾಟೆನ್‌ಗೆ ಹೋಗಿ. ಎಲ್ಬೆ ನದಿಯ ಈಚೆ ದಡದಲ್ಲಿ ನಿಲ್ದಾಣ, ಆಚೆ ದಡದಲ್ಲಿ ಬಾಸ್ಟೈ ಬಂಡೆಗಳು. ದಾಟಿಸುವ ದೋಣಿಗೆ ಎಂಜಿನ್ನೇ ಇಲ್ಲ! ನದಿಯ ಮೇಲ್ಗಡೆ ಎಲ್ಲೋ ದೂರದಲ್ಲಿ ಲಂಗರು ಹಾಕಿದ ಉದ್ದನೆಯ ಉಕ್ಕಿನ ಹಗ್ಗ. ದೋಣಿಯನ್ನು ಹರಿವಿಗೆ ಓರೆಯಾಗಿ ತಿರುಗಿಸಿದರೆ ನೀರು ತಾನೇ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ವಾಪಸು ಬರಲು ಓರೆಯನ್ನು ಬದಲಿಸಿದರೆ ಸಾಕು. ದೊಡ್ಡಪ್ಪ ಮೇಲಿನ ಸೇತುವೆಗಿಂತ ಈ ದೋಣಿಯನ್ನೇ ಹೆಚ್ಚು ಹೊತ್ತು ನೋಡಿದರು, ಸುಮ್ಮನೆ ಇನ್ನೊಂದು ಸಲ ದಾಟಿಸಿಕೊಂಡು ಬಂದರು. ಮೇಲಿನ ಸೇತುವೆಯೂ ಕಡಿಮೆಯದಲ್ಲ: 1851ರ ಕಲ್ಲಿನ ಕಮಾನುಗಳು, ನದಿಯಿಂದ 194 ಮೀಟರ್ ಎತ್ತರದಲ್ಲಿ ಬಂಡೆಯಿಂದ ಬಂಡೆಗೆ. ಕೋಟೆಗೂ ಸೈನ್ಯಕ್ಕೂ ಅಲ್ಲ, ನೋಡಲು ಬರುವವರಿಗಾಗಿಯೇ ಕಟ್ಟಿದ್ದು.

ಬೆಟ್ಟ, ನೀರು ಬೇಕೆನ್ನುವವರಿಗೆ ಕ್ಯೋನಿಗ್ಸ್‌ಸೀ ಸರೋವರ. 1909ರಿಂದಲೂ ಅಲ್ಲಿ ಓಡುತ್ತಿರುವುದು ವಿದ್ಯುತ್ ದೋಣಿಗಳು. ನಡುವೆ ದೋಣಿ ನಿಲ್ಲಿಸಿ ನಾವಿಕ ಕಹಳೆ ಊದುತ್ತಾನೆ, ಬಂಡೆ ಅದನ್ನು ಚಾಚೂ ತಪ್ಪದೆ ಹಿಂದಕ್ಕೆ ಊದುತ್ತದೆ. ಊದಿ ಮುಗಿಸಿ ಟೋಪಿ ಹಿಡಿದು ಬರುತ್ತಾನೆ, ಚಿಲ್ಲರೆ ಇಟ್ಟುಕೊಂಡಿರಿ. ಬ್ಲ್ಯಾಕ್ ಫಾರೆಸ್ಟಿಗೆ ಕಾಡಿನ ನಡಿಗೆಗಾಗಿ ಹೋಗಿ. ಟ್ರಿಬರ್ಗ್ ಜಲಪಾತಕ್ಕಾಗಿ ಹೋಗಬೇಡಿ. ಮಳೆಗಾಲದ ಜೋಗ ನೋಡಿದವರು ಅಲ್ಲಿ ಟಿಕೆಟ್ ಕೊಂಡು ಒಳಗೆ ಹೋಗಿ ನಿಂತು, ಪರಸ್ಪರ ಮುಖ ನೋಡಿಕೊಳ್ಳುವುದನ್ನು ನಾನು ಕಂಡಿದ್ದೇನೆ.

ಕೊನೆಗೆ ಕನ್ನಡಿಗರು ಬಿಡಬಾರದ ಊರು ಟ್ಯೂಬಿಂಗೆನ್, ಸ್ಟಟ್‌ಗಾರ್ಟ್‌ನಿಂದ ಸುಮಾರು ಒಂದು ಗಂಟೆಯ ರೈಲು. ಫರ್ಡಿನಾಂಡ್ ಕಿಟ್ಟೆಲ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಇಲ್ಲಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ನಿಘಂಟಿಗಾಗಿ ಇಲ್ಲಿನ ವಿಶ್ವವಿದ್ಯಾಲಯ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು, 1903ರಲ್ಲಿ ಅವರು ತೀರಿಕೊಂಡದ್ದೂ ಇಲ್ಲೇ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಓದಿದ್ದು ಇದೇ ಊರಿನಲ್ಲಿ, ತೀರಿಕೊಂಡದ್ದು ಪಕ್ಕದ ಎಸ್ಲಿಂಗೆನ್‌ನಲ್ಲಿ. ದೊಡ್ಡಪ್ಪನ ಕಪಾಟಿನಲ್ಲಿ ಕಿಟ್ಟೆಲ್ ಕೋಶದ ಮರುಮುದ್ರಣ ಸದಾ ಕೈಗೆಟಕುವ ಸಾಲಿನಲ್ಲಿರುತ್ತದೆ. ನೆಕರ್ ದಡದ ಹಳದಿ, ಗುಲಾಬಿ ಮನೆಗಳ ಸಾಲಿನ ಎದುರು ನಿಂತು ಅವರು ಆ ದಿನ ಹೆಚ್ಚು ಮಾತಾಡಲಿಲ್ಲ. ‘ಇಷ್ಟು ಚಳಿಯ ಊರಿನವನು ನಮ್ಮ ಬಿಸಿಲಿನಲ್ಲಿ ಕೂತು ಎಪ್ಪತ್ತು ಸಾವಿರ ಶಬ್ದ ಹೆಕ್ಕಿದನಲ್ಲ’ ಎಂದು ಮಾತ್ರ ಅಂದರು.

ಊರಿನ ಗುಡ್ಡದ ಮೇಲೆ ಒಂದು ಕೋಟೆಯೂ ಇದೆ. ಹೊರಗಿನಿಂದ ನೋಡಿದರೆ ಸಾಧಾರಣ, ಯಾವ ಕ್ಯಾಲೆಂಡರಿಗೂ ಬರುವಂಥದ್ದಲ್ಲ. ಅದರ ಹಳೆಯ ಅಡುಗೆಮನೆಯನ್ನು 19ನೇ ಶತಮಾನದಲ್ಲಿ ರಸಾಯನಶಾಸ್ತ್ರದ ಪ್ರಯೋಗಾಲಯ ಮಾಡಿದ್ದರು. ಅಲ್ಲಿ ಫ್ರೀಡ್ರಿಖ್ ಮೀಷರ್ ಎಂಬ ತರುಣ ಆಸ್ಪತ್ರೆಯಿಂದ ತಂದ ಕೀವಿನ ಬ್ಯಾಂಡೇಜುಗಳನ್ನು ತೊಳೆದು, ಜೀವಕೋಶದ ಕೇಂದ್ರದಿಂದ ಅದುವರೆಗೆ ಯಾರೂ ಕಾಣದ ವಸ್ತುವೊಂದನ್ನು ಬೇರ್ಪಡಿಸಿದ. ನಾವು ಇಂದು ಡಿಎನ್‌ಎ ಎನ್ನುವುದು ಅದನ್ನೇ. ವರ್ಷ 1869. ಲುಡ್‌ವಿಗ್ ಬವೇರಿಯಾದಲ್ಲಿ ಅಡಿಗಲ್ಲು ಹಾಕಿದ ವರ್ಷವೇ. ಅದೇ ಕೋಟೆಯ ವಸ್ತುಸಂಗ್ರಹಾಲಯದಲ್ಲಿ ಮ್ಯಾಮತ್ ದಂತದಲ್ಲಿ ಕೆತ್ತಿದ ಪುಟ್ಟ ಕುದುರೆ ಇದೆ. ಉದ್ದ ಐದು ಸೆಂಟಿಮೀಟರಿಗೂ ಕಡಿಮೆ, ವಯಸ್ಸು ಸುಮಾರು 40,000 ವರ್ಷ. ಕತ್ತಿನ ಬಾಗು ನೋಡಿ, ಕೆತ್ತಿದವನು ಕುದುರೆಯನ್ನು ಎಷ್ಟು ಹತ್ತಿರದಿಂದ ಗಮನಿಸಿದ್ದಾನೆ ಎಂಬುದು ತಿಳಿಯುತ್ತದೆ.

ಇನ್ನು ಲೌಕಿಕ. ಸಸ್ಯಾಹಾರಿಗಳು ಈ ಕಡೆ ಕೇಸ್‌ಶ್ಪೆಟ್ಸ್ಲೆ ಕೇಳಬಹುದು, ಚೀಸ್ ಮತ್ತು ಹುರಿದ ಈರುಳ್ಳಿ ಹಾಕಿದ ಗಟ್ಟಿ ಊಟ. ಆಲೂಗಡ್ಡೆ ಸಲಾಡ್ ನೋಡಲು ನಿರುಪದ್ರವಿ, ಆದರೆ ಸ್ಟಟ್‌ಗಾರ್ಟ್ ಸೀಮೆಯಲ್ಲಿ ಅದಕ್ಕೆ ಮಾಂಸದ ಸಾರು ಬೆರೆಸುವುದು ವಾಡಿಕೆ, ಕೇಳಿಯೇ ತಿನ್ನಿ. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಶನಿವಾರವೇ ಹಣ್ಣು, ಬ್ರೆಡ್ ಕೊಂಡಿಟ್ಟುಕೊಳ್ಳಿ. ಎಲ್ಟ್ಸ್ ತೆರೆದಿರುವುದು ಏಪ್ರಿಲ್‌ನಿಂದ ನವೆಂಬರ್ ಆರಂಭದವರೆಗೆ ಮಾತ್ರ. ಚಳಿಗಾಲದಲ್ಲಿ ಬರುವವರು ವರ್ಷವಿಡೀ ತೆರೆದಿರುವ ಮಾರ್ಕ್ಸ್‌ಬರ್ಗ್ ನೋಡಿ, ಡಿಸೆಂಬರ್ ಆದರೆ ಎಸ್ಲಿಂಗೆನ್‌ನ ಕ್ರಿಸ್‌ಮಸ್ ಸಂತೆಗೆ ಹೋಗಿ.

ಓಡಾಟಕ್ಕೆ ‘ಡಾಯ್ಚ್‌ಲಾಂಡ್ ಟಿಕೆಟ್’ ಕೊಳ್ಳಿ. 2023ರ ಮೇಯಲ್ಲಿ 49 ಯೂರೊಗೆ ಶುರುವಾದದ್ದು 2026ರ ಜನವರಿಯಿಂದ 63 ಯೂರೊ ಆಗಿದೆ. ತಿಂಗಳು ಪೂರ್ತಿ ದೇಶದ ಯಾವ ಮೂಲೆಯ ಲೋಕಲ್ ರೈಲು, ಬಸ್, ಟ್ರಾಮ್ ಬೇಕಾದರೂ ಹತ್ತಬಹುದು, ವೇಗದ ದೂರಪ್ರಯಾಣದ ರೈಲುಗಳನ್ನು ಬಿಟ್ಟು. ಅದು ತಿಂಗಳು ತಿಂಗಳು ತಾನೇ ಮುಂದುವರಿಯುವ ಚಂದಾ. ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ನೀವು ಹುಬ್ಬಳ್ಳಿಗೆ ವಾಪಸಾಗಿ ಮಿರ್ಚಿ ಭಜಿ ತಿನ್ನುತ್ತಿರುವಾಗ ಮುಂದಿನ ತಿಂಗಳ 63 ಯೂರೊ ಖಾತೆಯಿಂದ ಹೋಗಿರುತ್ತದೆ.